ಹಸಿರು ಕಾರ್ಡ್ ಮೀಮಾಂಸೆ: ಒಂದು ಅಪೂರ್ಣ ಭಾಷ್ಯ

ಅಮೆರಿಕದಲ್ಲಿ ಖಾಯಂ ವಾಸದ ಹಕ್ಕು ಪಡೆದೂ ಕಿಸೆಯಲ್ಲಿ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿರುವ ಜೀವಿಗೆ ಶಾಸ್ತ್ರಕಾರರು ‘ಉಭಯವಾಸಿ’ ಎಂದಿದ್ದಾರೆ. (ಯಾವ ಶಾಸ್ತ್ರಕಾರರು ಎಂದು ಕೇಳುವವರು ಈ ಗ್ರಂಥಕ್ಕೆ ಅಧಿಕಾರಿಗಳಲ್ಲ.) ಈ ಜೀವಿ ಅಮೆರಿಕದ ಗಡಿ ದಾಟಿದೊಡನೆ ಯಾವ ದೇಶದವನಾಗುತ್ತಾನೆ ಎಂಬುದೇ ಇಲ್ಲಿನ ವಿಷಯ.

ಪೂರ್ವಪಕ್ಷ: ಗ್ರೀನ್ ಕಾರ್ಡ್ ಇದ್ದ ಮೇಲೆ ವೀಸಾ ಯಾಕೆ? ಅದಕ್ಕಾಗಿ ಕಾದು ಕಾದು ತಲೆ ನರೆತಿದೆ, ಮನೆ ಸಾಲದ ಕಂತು ತಪ್ಪಿಲ್ಲ, ತೆರಿಗೆ ಬಾಕಿಯಿಲ್ಲ, ಶನಿವಾರ ಶನಿವಾರ ಅಂಗಳದ ಹುಲ್ಲು ಕತ್ತರಿಸಿದ್ದಾಗಿದೆ. ಮೆಕ್ಸಿಕೊ ಈ ಕಾರ್ಡನ್ನು ನೋಡಿ 180 ದಿನಗಳವರೆಗೆ ಇರಬಿಡುತ್ತದೆ. ಕೆನಡಾವೂ ವೀಸಾ ಕೇಳುವುದಿಲ್ಲ. 2022ರ ಏಪ್ರಿಲ್‌ನಿಂದ ಕಾರ್ಡಿನ ಜೊತೆಗೆ ಚಾಲ್ತಿ ಪಾಸ್‌ಪೋರ್ಟನ್ನೂ ತೋರಿಸು ಎನ್ನುತ್ತದೆ, ಅಷ್ಟೆ.

ಸಿದ್ಧಾಂತ: ಅಕ್ಕಪಕ್ಕದ ಮನೆಯವರ ಸಲಿಗೆಯನ್ನು ಊರಿನ ಕಟ್ಟಳೆ ಎಂದುಕೊಂಡದ್ದೇ ದೋಷ. ಗ್ರೀನ್ ಕಾರ್ಡ್ ಇರುವುದು ಅಮೆರಿಕಕ್ಕೆ ಮರಳಲು. ಉಳಿದ ದೇಶಗಳು ಹೆಚ್ಚಾಗಿ ನೋಡುವುದು ಪಾಸ್‌ಪೋರ್ಟನ್ನು.

ದೃಷ್ಟಾಂತ, ಪ್ಯಾರಿಸ್ ಪ್ರವಾಸ. ಅಪ್ಪ ಅಮ್ಮ ಬೆಂಗಳೂರಿನವರು, ಮಕ್ಕಳಿಬ್ಬರೂ ನ್ಯೂಜೆರ್ಸಿಯಲ್ಲಿ ಹುಟ್ಟಿದವರು. ನಾಲ್ಕು ಪಾಸ್‌ಪೋರ್ಟುಗಳ ರಟ್ಟೂ ಕಡುನೀಲಿ. ಆದರೆ ಮಧ್ವಾಚಾರ್ಯರು ಹೇಳಿದ ಪಂಚಭೇದಗಳ ಆಚೆಗೆ ನೀಲಿಗೂ ನೀಲಿಗೂ ಆರನೆಯದೊಂದು ಭೇದವುಂಟು ಎಂದು ಇಲ್ಲಿ ತಿಳಿಯುತ್ತದೆ. ನೆಟ್ಟಗೆ ಸಹಿ ಹಾಕಲು ಬಾರದ ಆರು ವರ್ಷದ ಕೂಸು ವೀಸಾ ಇಲ್ಲದೆ 90 ದಿನ ಷೆಂಗೆನ್ ದೇಶಗಳನ್ನು ಸುತ್ತಬಹುದು. ಅದರ ಟಿಕೆಟ್ಟಿಗೆ ದುಡ್ಡು ಕೊಟ್ಟ ಅಪ್ಪ ಮಾತ್ರ 35×45 ಮಿ.ಮೀ. ಫೋಟೊ, ಬ್ಯಾಂಕ್ ಸ್ಟೇಟ್‌ಮೆಂಟು, ಹೋಟೆಲ್ ಬುಕಿಂಗು, ಕಂಪನಿಯ ಪತ್ರ, ಕನಿಷ್ಠ 30,000 ಯೂರೊ ವಿಮೆ, 90 ಯೂರೊ ಶುಲ್ಕ ಎಲ್ಲ ಹೊಂದಿಸಿಕೊಂಡು ಹತ್ತು ಬೆರಳನ್ನೂ ಒತ್ತಲು ಸರದಿಯಲ್ಲಿ ನಿಲ್ಲಬೇಕು. ಅರ್ಜಿಯ ಜೊತೆ ಗ್ರೀನ್ ಕಾರ್ಡಿನ ನಕಲೂ ಬೇಕು, ಅಮೆರಿಕದಲ್ಲಿದ್ದು ಅರ್ಜಿ ಹಾಕುವ ಹಕ್ಕಿದೆ ಎಂದು ತೋರಿಸಲು. ವೀಸಾ ತಪ್ಪಿಸಲಾರದ ಕಾರ್ಡು ವೀಸಾ ಬೇಡುವುದಕ್ಕೆ ಅನಿವಾರ್ಯ! ತಾರ್ಕಿಕರು ಇದಕ್ಕೊಂದು ಲಕ್ಷಣ ಹೇಳಿಯಾರು. ಅಪ್ಪ ಹೇಳಿದ್ದು ಅಚ್ಚಿಗೆ ಯೋಗ್ಯವಲ್ಲ.

ಅಪವಾದ: ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಿಸುವಾಗ ಕಾರ್ಡಿನ ಮಹಿಮೆ ಮತ್ತೆ ಪ್ರಕಟವಾಗುತ್ತದೆ. ಟ್ರಾನ್ಸಿಟ್ ವೀಸಾ ಬೇಡ. ನಿಲ್ದಾಣದೊಳಗೆ ಆರಾಮಾಗಿ ಕೂತಿರು, ಊರೊಳಗೆ ಮಾತ್ರ ಕಾಲಿಡಬೇಡ. ಇಂಥ ಅತಿಥಿಸತ್ಕಾರವನ್ನು ಧರ್ಮಶಾಸ್ತ್ರಗಳಲ್ಲಿ ಹುಡುಕಿ ಸೋತಿದ್ದೇವೆ.

ಊರಿನ ಸೆಳೆತಕ್ಕೆ ಸಿಕ್ಕು ವರ್ಷ ಮೀರಿ ಹೊರಗುಳಿಯುವವರಿಗೆ ಪ್ರತ್ಯೇಕ ಪ್ರಾಯಶ್ಚಿತ್ತವಿದೆ: ಅಮೆರಿಕದಲ್ಲಿರುವಾಗಲೇ ಐ-131 ಅರ್ಜಿ ಹಾಕಿ ರೀಎಂಟ್ರಿ ಪರ್ಮಿಟ್ ಕೇಳಬೇಕು. ಹೊರಟ ಮೇಲೆ ನೆನಪಾದರೆ ಫಲವಿಲ್ಲ.

ಫಲಶ್ರುತಿ: ಇದನ್ನು ಓದಿದವರಿಗೆ ವೀಸಾ ಸಿಗುತ್ತದೆಂಬ ಭರವಸೆಯಿಲ್ಲ. ಟಿಕೆಟ್ ಕೊಳ್ಳುವ ಮೊದಲು ಹೋಗುವ ದೇಶದ ರಾಯಭಾರ ಕಚೇರಿಯ ನಿಯಮ ಓದಿ. ಕಾರ್ಡು, ಪಾಸ್‌ಪೋರ್ಟು ಎರಡನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ, ಉಪ್ಪಿನಕಾಯಿಯ ಜೊತೆ ಸೂಟ್‌ಕೇಸಿಗೆ ಹಾಕಬೇಡಿ.