ಕಾಗೆ, ಕೊಂಬೆ ಮತ್ತು ಕೀವು

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುವ ಗಾದೆಯನ್ನು ನಾವೆಲ್ಲ ಆಡುತ್ತೇವೆ, ಪಾಲಿಸುವುದಿಲ್ಲ. ಅದನ್ನು ಸಂಬಳ ತೆಗೆದುಕೊಂಡು ಪಾಲಿಸುವವರು ಮೆಡಿಕಲ್ ಕೋಡರುಗಳು. ಅಮೆರಿಕದ ಆಸ್ಪತ್ರೆಗಳ ಕೇಸ್‌ಶೀಟು ಓದಿ ಕಾಯಿಲೆಗೊಂದು ಸಂಕೇತ ಹಚ್ಚುವ ಈ ಕೆಲಸ ಬೆಂಗಳೂರು, ಚೆನ್ನೈ, ಹೈದರಾಬಾದುಗಳಲ್ಲೂ ನಡೆಯುತ್ತದೆ. ಆಪರೇಷನ್ ಆದ ಐದನೆಯ ದಿನ ಗಾಯ ಕೆಂಪಾಯಿತು, ಊದಿತು, ಒಸರಿತು, ಹೊಲಿಗೆ ಬಿಚ್ಚಿ ತೊಳೆದು ಆಂಟಿಬಯಾಟಿಕ್ ಕೊಟ್ಟರು ಎಂದು ಬರೆದಿದೆ ಎನ್ನಿ. ಗಾಯ ಕೀತಿದೆ ಎಂದು ನೋಡಲು ಬಂದ ನೆಂಟರು ಬಾಗಿಲಲ್ಲೇ ಹೇಳಿಬಿಡುತ್ತಾರೆ. ಕೋಡರ್ ಮಾತ್ರ ಹೇಳುವುದಿಲ್ಲ. ಆಪರೇಷನ್ನಿನ ನಂತರ ಬಂದದ್ದೆಲ್ಲ ಆಪರೇಷನ್ನಿನಿಂದ ಬಂದದ್ದಲ್ಲ, ಎರಡಕ್ಕೂ ನಂಟಿದೆಯೆಂದು ಚಿಕಿತ್ಸೆ ಕೊಟ್ಟವರೇ ಬರೆದಿರಬೇಕು ಎಂಬುದು ಅವರ ನಿಯಮ. ನಗು ಬರಿಸುವ ಈ ಹಟವೇ ಆ ಕಡತದ ಮರ್ಯಾದೆ ಕಾಯುತ್ತಿದೆ ಎಂಬುದು ನನ್ನ ವಾದ.

ನಗು ಬರುವುದಕ್ಕೆ ಕಾರಣಗಳು ಬೇಕಾದಷ್ಟಿವೆ. 2015ರ ಅಕ್ಟೋಬರ್ 1ರಿಂದ ಅಮೆರಿಕ ಬಳಸುತ್ತಿರುವ ಐಸಿಡಿ-10-ಸಿಎಂ ಪಟ್ಟಿಯಲ್ಲಿ ಬಾತುಕೋಳಿ ಕಚ್ಚಿದರೆ ಒಂದು ಸಂಕೇತ, ಬಾತುಕೋಳಿ ಬಡಿದರೆ ಇನ್ನೊಂದು. ಇಷ್ಟು ನಾಜೂಕಿನ ಪಟ್ಟಿ, ಆಪರೇಷನ್ನಿನ ನಂತರದ ಸೋಂಕನ್ನೆಲ್ಲ 2018ರ ಅಕ್ಟೋಬರ್‌ವರೆಗೆ ಟಿ81.4 ಎಂಬ ಒಂದೇ ಗೋಣಿಚೀಲಕ್ಕೆ ತುಂಬುತ್ತಿತ್ತು. ಆಮೇಲೆ ಚೀಲ ಬಿಚ್ಚಿ ವಿಂಗಡಿಸಿದರು: ಚರ್ಮ ಮತ್ತು ಅದರಡಿಯ ಕೊಬ್ಬಿನಷ್ಟೇ ಆಳವಾದರೆ 81.41, ಸ್ನಾಯುವಿನವರೆಗೆ ಇಳಿದರೆ 81.42, ಒಳಗಿನ ಅಂಗಕ್ಕೇ ತಾಗಿದರೆ 81.43. ಕೊನೆಯಲ್ಲಿ ಬಾಲದಂತೆ ಒಂದು ಅಕ್ಷರ. 'ಎ' ಎಂದರೆ ಮೊದಲ ಭೇಟಿ. ಆದರೆ ಸೋಂಕಿಗೆ ಚಿಕಿತ್ಸೆ ನಡೆಯುತ್ತಿರುವಷ್ಟು ದಿನ ಐದನೆಯ ಭೇಟಿಯೂ ಮೊದಲನೆಯದೇ! ಸಂದೇಹ ಬಂದರೆ ಕೋಡರ್ ವೈದ್ಯರಿಗೆ ಪ್ರಶ್ನೆ ಕಳಿಸಬಹುದು, "ಇದು ಸೋಂಕು ತಾನೆ?" ಎಂದು ಬಾಯಿಗೆ ತುತ್ತಿಡುವಂತಿಲ್ಲ. ಕಂಡ ಲಕ್ಷಣಗಳನ್ನು ಮುಂದಿಟ್ಟು, 'ಬೇರೆ ಏನಾದರೂ', 'ಹೇಳಲಾಗದು' ಎಂಬ ದಾರಿಗಳನ್ನೂ ತೆರೆದಿಟ್ಟು ಕೇಳಬೇಕು. ಹೆಣ್ಣು ನೋಡಲು ಹೋದವರು ಕೂಡ ಇಷ್ಟು ಸಂಕೋಚದಿಂದ ಪ್ರಶ್ನೆ ಕೇಳುವುದಿಲ್ಲ.

ಕೀವಿಗೂ ಪರಿಚಯಪತ್ರ ಬೇಕೇ ಎಂದು ನೀವು ಕೇಳಬಹುದು. ಬೇಕು. ಗಾಯದ ಅಂಚು ಪಟ್ಟಿಯ ಅಂಟು ಒಗ್ಗದೆಯೂ ಕೆಂಪಾಗುತ್ತದೆ. ಒಸರುವುದು ಬರೀ ತಿಳಿನೀರೂ ಆಗಿರಬಹುದು. ನಿಜವಾದ ಕೀವೇ ಇದ್ದರೂ ತಗಾದೆ ಮುಗಿಯದು. ಅಪೆಂಡಿಕ್ಸ್ ಒಡೆದು, ಹೊಟ್ಟೆಯಲ್ಲಿ ಕೀವು ತುಂಬಿಕೊಂಡೇ ಬಂದ ರೋಗಿಗೆ ಆಪರೇಷನ್ ಆಗುತ್ತದೆ. ವಾರದ ಮೇಲೆ ಒಳಗೆ ಮತ್ತೆ ಕೀವು ಕಟ್ಟುತ್ತದೆ. ಇದು ಹಳೆಯ ಕಾಯಿಲೆಯ ಬಾಕಿಯೋ, ಚಾಕುವಿನ ಹೊಸ ಸಾಲವೋ? ರೋಗಿಯನ್ನು ಕಾಣದೆ, ಸಾವಿರಾರು ಮೈಲಿ ದೂರದಲ್ಲಿ ಪರದೆಯ ಮುಂದೆ ಕೂತವರು ಇದನ್ನು ಊಹಿಸಿದರೆ, ಒಂದು ಕಡೆ ತಪ್ಪು ಬಿಲ್ಲು, ಇನ್ನೊಂದು ಕಡೆ ಸರ್ಜನ್ನರ ತಲೆಯ ಮೇಲೆ ಮಾಡದ ತಪ್ಪು. ಕಾಗೆಗೆ ಸಿಗುವ ನ್ಯಾಯ ಸರ್ಜನ್ನರಿಗೂ ಸಿಗಬೇಡವೇ?

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ವೈದ್ಯರು ಬರೆದರೆ ಮಾತ್ರ ಸೋಂಕು ಎಂದಾದರೆ, ಬರೆಯದೇ ಇರುವುದು ಲಾಭವಲ್ಲವೇ? ಆಸೆಯೇನೋ ಇದ್ದೇ ಇದೆ. ಆಸ್ಪತ್ರೆಯಲ್ಲಿ ಅಂಟಿದ ತೊಂದರೆಗಳ ಲೆಕ್ಕದಲ್ಲಿ ಕೊನೆಯ ಕಾಲು ಭಾಗಕ್ಕೆ ಬಿದ್ದ ಆಸ್ಪತ್ರೆಗಳಿಗೆ ಅಮೆರಿಕ ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಪಾವತಿಯಲ್ಲಿ ಶೇಕಡ 1 ಕಡಿತವಾಗುತ್ತದೆ. ಆದರೆ ದೊಡ್ಡ ಕರುಳಿನ ಆಪರೇಷನ್ನಿನಂಥವುಗಳ ಸೋಂಕನ್ನು ಆ ಲೆಕ್ಕಕ್ಕೆ ಎಣಿಸುವವರು ಕೋಡರುಗಳಲ್ಲ. ಸೋಂಕು ನಿಯಂತ್ರಣದ ಸಿಬ್ಬಂದಿ ತಮ್ಮದೇ ವ್ಯಾಖ್ಯೆ ಹಿಡಿದು, ಆಪರೇಷನ್ನಿಗೆ ತಕ್ಕಂತೆ 30 ಅಥವಾ 90 ದಿನ ಕಾದು ಎಣಿಸುತ್ತಾರೆ. ಹಾಗಾಗಿ ಒಂದೇ ಗಾಯ ಒಂದು ದಫ್ತರದಲ್ಲಿ ಕೀತು, ಇನ್ನೊಂದರಲ್ಲಿ ಮಾದಿರಲು ಸಾಧ್ಯ. ವಿಚಿತ್ರವೇ ಸರಿ, ಆದರೆ ಮುಚ್ಚಿಡುವವರನ್ನು ಹಿಡಿಯಲು ಎರಡನೆಯ ಕಣ್ಣು ಬೇಕೇ ಹೊರತು, ಮೊದಲನೆಯದಕ್ಕೆ ಕಲ್ಪನಾಶಕ್ತಿ ಬೇಕಿಲ್ಲ.

ಬರೆದು ಬರೆದೇ ವೈದ್ಯರ ಕೈ ಸೋಲುತ್ತದೆ ಎಂಬ ದೂರೂ ಉಂಟು. ಇಲ್ಲಿ ಬೇಕಾದದ್ದು ಪುಟವಲ್ಲ, ವಿಭಕ್ತಿ. ಇಂಗ್ಲಿಷಿನ 'ಪೋಸ್ಟ್ ಆಪರೇಟಿವ್' ಕಾಲವನ್ನೂ ಕಾರಣವನ್ನೂ ಒಂದೇ ಬಾಯಲ್ಲಿ ಅಗಿಯುತ್ತದೆ. ಕನ್ನಡದಲ್ಲಿ 'ಆದ ಮೇಲೆ' ಬೇರೆ, 'ಆದ್ದರಿಂದ' ಬೇರೆ. ಇಷ್ಟು ಆಳದ ಸೋಂಕು, ಈ ಆಪರೇಷನ್ನಿನಿಂದ ಎಂದು ಒಂದು ಸಾಲು ಬಿದ್ದರೆ ಸಾಕು. ಕೊಂಬೆಯ ಲೆಕ್ಕ ಕೊಂಬೆಗೆ, ಕಾಗೆಯ ಲೆಕ್ಕ ಕಾಗೆಗೆ.