ಕಂಪೈಲರ್ ಸಂತಾನ ಮೀಮಾಂಸೆ

ಅನುಬಂಧ ಚತುಷ್ಟಯ ಹೇಳದೆ ಶಾಸ್ತ್ರ ಆರಂಭಿಸುವಂತಿಲ್ಲ. ವಿಷಯ: ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಲೋಕಕ್ಕೆ ಬಿಟ್ಟ ಜಿಸಿಸಿ ಎಂಬ ಕಂಪೈಲರ್. ಅಧಿಕಾರಿ: ಸೊಲಾರಿಸ್ 10 ಎಂಬ ಕಾರ್ಯಾಚರಣಾ ವ್ಯವಸ್ಥೆ ತುಂಬಿದ ಹಳೆಯ ಸ್ಪಾರ್ಕ್ ಯಂತ್ರದ ಮುಂದೆ ಯಾರೋ ತಂದು ಕೂರಿಸಿದ ಬಡಪಾಯಿ. ಪ್ರಯೋಜನ: ಹಳೆಯ ಕಂಪೈಲರಿಗೆ ಅರ್ಥವಾಗದ ಒಂದೇ ಒಂದು ಸಾಲು. ಸಂಬಂಧ: ಸದ್ಯಕ್ಕೆ ಏನೂ ಇಲ್ಲ.

ಪೂರ್ವಪಕ್ಷಿ ಕೇಳುತ್ತಾನೆ: ಕಂಪೈಲರ್ ಕಟ್ಟಲು ಕಂಪೈಲರೇ ಬೇಕಾದರೆ ಮೊದಲನೆಯದು ಎಲ್ಲಿಂದ ಬಂತು? ಸಿದ್ಧಾಂತಿಯ ಉತ್ತರ: ಬೀಜಾಂಕುರ ನ್ಯಾಯ, ಸುಮ್ಮನೆ 'ಸಿಸಿ' ಎಂದು ಒತ್ತು. ಒತ್ತಿದರೆ ಯಂತ್ರ ನುಡಿಯುತ್ತದೆ: 'ಲ್ಯಾಂಗ್ವೇಜ್ ಆಪ್ಷನಲ್ ಸಾಫ್ಟ್‌ವೇರ್ ಪ್ಯಾಕೇಜ್ ನಾಟ್ ಇನ್‌ಸ್ಟಾಲ್ಡ್'. ಹೆಸರುಂಟು, ವಸ್ತುವಿಲ್ಲ. ಮೊಲದ ಕೊಂಬಿನ ಉದಾಹರಣೆ ಹಳತಾಯಿತು ಎನ್ನುವ ನೈಯಾಯಿಕರು ಇದನ್ನು ಬಳಸಬಹುದು. ಕಂಪೈಲರನ್ನು ಸೊಲಾರಿಸ್‌ನಿಂದ ಬೇರ್ಪಡಿಸಿ ಪ್ರತ್ಯೇಕ ಬೆಲೆಗೆ ಮಾರುತ್ತಿದ್ದ ಕಾಲದ ಕುರುಹು ಅದು. ಪುಕ್ಕಟೆಯ ಜಿಸಿಸಿ ಮನೆಮಾತಾದದ್ದಕ್ಕೆ ಅದೂ ಒಂದು ಕಾರಣ. 'ಎಸ್‌ಎಫ್‌ಡಬ್ಲ್ಯು' ಎಂಬ ಒಳಕೋಣೆಯಲ್ಲಿ 3.4.3ರ ಮುದಿ ಜಿಸಿಸಿಯೊಂದು ಉಸಿರಾಡುತ್ತಿದ್ದರೆ ವಂಶ ಉಳಿಯಿತು.

ಮೂಲಗ್ರಂಥದ ಗಂಟು ಬಿಚ್ಚುವುದೂ ಸುಲಭವಲ್ಲ. ಗಂಟು ಬಿಚ್ಚಬೇಕಾದ ಸೊಲಾರಿಸ್‌ನ ಸ್ವಂತ ಟಾರ್, ಉದ್ದನೆಯ ಹೆಸರಿನ ಗುರುತಾದ 'ಲಾಂಗ್‌ಲಿಂಕ್' ಕಂಡೊಡನೆ ತಡವರಿಸುತ್ತದೆ. ಗ್ನೂ ಟಾರ್ ಬೇಕು. ಮೇಕ್ ಕೂಡ ಗ್ನೂನದೇ ಆಗಬೇಕು. ಶೆಲ್ ಬಗ್ಗೆ ಮಾತಾಡುವುದು ಬೇಡ. ನಂತರ ಕಾನ್ಫಿಗರ್ ಎಂಬ ಪುರೋಹಿತರು ಬಂದು ಪ್ರವರ ಕೇಳುತ್ತಾರೆ. ಬಿಲ್ಡ್, ಹೋಸ್ಟ್, ಟಾರ್ಗೆಟ್ ಎಂಬ ಮೂವರು ಋಷಿಗಳು. ಮೂರಕ್ಕೂ ಉತ್ತರ ಒಂದೇ: ಸ್ಪಾರ್ಕ್-ಸನ್-ಸೊಲಾರಿಸ್2.10. ಲೋಕವೆಲ್ಲ ಹತ್ತು ಎಂದರೂ ಪುರೋಹಿತರ ಪ್ರವರದಲ್ಲಿ ಅದು ಎರಡು ದಶಾಂಶ ಹತ್ತು ಎಂದೇ ಕರೆಸಿಕೊಳ್ಳುತ್ತದೆ. ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಎಂಬ ಲೈಬ್ರರಿ ತ್ರಿಮೂರ್ತಿಗಳು ಸಿಗದಿದ್ದರೆ ಪುರೋಹಿತರು ಅಲ್ಲಿಂದಲೇ ಎದ್ದು ಹೋಗುತ್ತಾರೆ.

ಈಗ ಮುಖ್ಯ ವಿಧಿ. ಮುದಿ ಕಂಪೈಲರ್ ಹೊಸದನ್ನು ಹೆರುತ್ತದೆ. ಇದು ಒಂದನೇ ಹಂತ. ಆದರೆ ಹೆತ್ತವರ ದೋಷ ಕೂಸಿಗೆ ಅಂಟಿರಬಹುದೆಂಬ ಶಂಕೆಯಿಂದ ಕೂಸು ಅದೇ ಮೂಲದಿಂದ ತನ್ನನ್ನು ತಾನೇ ಮತ್ತೆ ಹೆರಬೇಕು, ಹುಟ್ಟಿದ್ದು ಇನ್ನೊಮ್ಮೆ ಹೆರಬೇಕು. ಆಮೇಲೆ ಎರಡನೇ ಮತ್ತು ಮೂರನೇ ತಲೆಮಾರಿನ ಆಬ್ಜೆಕ್ಟ್ ಫೈಲುಗಳನ್ನು ಬೈಟ್ ಬೈಟಾಗಿ ಹೋಲಿಸುತ್ತಾರೆ. ಇಷ್ಟಕ್ಕೆ ಸ್ಪಾರ್ಕ್‌ನ ಫ್ಯಾನು ರಾತ್ರಿಯಿಡೀ ಪಾರಾಯಣ ಮಾಡುತ್ತದೆ. ಹೋಲಿಕೆ ಸರಿಬಂದರೆ ಶುದ್ಧವೆಂದು ನಂಬುವುದು ಸಂಪ್ರದಾಯ. ಮೊಮ್ಮಗ ಮಗನಂತಿದ್ದಾನೆಂಬುದು ಸಿದ್ಧವಾಯಿತು, ಮಗ ಸಾಚಾ ಎಂಬುದಲ್ಲ ಎಂದು ಕುತರ್ಕಿಗಳು ಆಕ್ಷೇಪಿಸುತ್ತಾರೆ. ಅವರ ಬಾಯಿ ಮುಚ್ಚಿಸುವುದು ಕಷ್ಟ, ಏಕೆಂದರೆ ಮೂಲದಲ್ಲಿ ಸುಳಿವೇ ಇಲ್ಲದ ಕಳ್ಳಬಾಗಿಲನ್ನು ಕಂಪೈಲರ್ ತಲೆಮಾರಿನಿಂದ ತಲೆಮಾರಿಗೆ ದಾಟಿಸಬಲ್ಲದೆಂದು ಕೆನ್ ಥಾಂಪ್ಸನ್ 1984ರಲ್ಲೇ ತೋರಿಸಿ ಹೋಗಿದ್ದಾರೆ.

ಎಷ್ಟು ಹೊಸದನ್ನು ಹೆರಬಹುದು? 2013ರ 4.8ರಿಂದ ಜಿಸಿಸಿ ಕಟ್ಟಲು ಬರೀ ಸಿ ಸಾಲದು, ಸಿ++ ಬೇಕು; 2021ರ 11ರಿಂದ ಸಿ++11 ಬೇಕು. ಆ ಕೊನೆಯ ಚಿಂತೆ ಈ ಯಂತ್ರಕ್ಕಿಲ್ಲ. ಏಕೆಂದರೆ ಜಿಸಿಸಿಯ 10ನೇ ಆವೃತ್ತಿಯಲ್ಲೇ ಸೊಲಾರಿಸ್ 10ರ ಹೆಸರು ಕುಟುಂಬದ ಪಟ್ಟಿಯಿಂದ ಹೊಡೆದುಹೋಗಿದೆ.

ಕಟ್ಟಿದ್ದಾಯಿತು. ಸಿ++ನ ನಾಲ್ಕು ಸಾಲು ಬರೆದು ಓಡಿಸಿದರೆ ಯಂತ್ರದ ಉತ್ತರ: ಲಿಬ್‌ಎಸ್‌ಟಿಡಿಸಿ++ ಫೈಲು ತೆರೆಯಲಾಗಲಿಲ್ಲ, ಫೇಟಲ್. ಇಲ್ಲಿ ಎರಡು ಪಂಥ. ಪರಿಸರ ಚರದಲ್ಲಿ ದಾರಿ ಬರೆದಿಡಿ ಎನ್ನುವವರು ಲೌಕಿಕರು. ಲಿಂಕ್ ಮಾಡುವಾಗಲೇ 'ಮೈನಸ್ ಆರ್' ಕೊಟ್ಟು ದಾರಿಯನ್ನು ಒಳಗೇ ಕೆತ್ತಿ ಎನ್ನುವವರು ಮಡಿವಂತರು. ಇಡೀ ಯಂತ್ರಕ್ಕೇ ದಾರಿ ಕಲಿಸುವ 'ಸಿಆರ್‌ಎಲ್‌ಇ' ಎಂಬ ಮೂರನೇ ಮಾರ್ಗವೂ ಉಂಟು. ಅದಕ್ಕೆ ರೂಟ್ ಪಾಸ್‌ವರ್ಡ್ ಬೇಕು. ಅದನ್ನು ಬಲ್ಲವರು ನಿವೃತ್ತರಾಗಿ ಊರಿಗೆ ಹೋಗಿದ್ದಾರೆ.