ದಯವಿಟ್ಟು ನೀರು ಹಾಕಬೇಡಿ

ಮೋಡ ಕವಿದು ನಾಲ್ಕು ಹನಿ ಬಿದ್ದರೆ ಸಾಕು, ಬೆಂಗಳೂರಿನ ತಾರಸಿಗಳ ಮೇಲೆ ಓಡಾಟ ಶುರುವಾಗುತ್ತದೆ. ಯಾರೋ ತಂತಿಯ ಮೇಲಿನ ಬಟ್ಟೆ ಎಳೆದುಕೊಳ್ಳುತ್ತಾರೆ, ಯಾರೋ ಸಂಡಿಗೆ ಸಮೇತ ಪ್ಲಾಸ್ಟಿಕ್ ಹಾಳೆ ಮಡಚುತ್ತಾರೆ. ಇವರ ನಡುವೆ ಪಂಚೆ ಎತ್ತಿಕಟ್ಟಿ, ನೀಲಿ ಟಾರ್ಪಾಲಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ನೀರಿನ ಟ್ಯಾಂಕಿನ ಪೈಪಿಗೆ ಬಿಗಿಯುತ್ತಾ, ಕಚ್ಚಿದ ಹಲ್ಲಿನ ಸಂದಿಯಿಂದಲೇ ವರುಣದೇವನಿಗೆ ಸಹಸ್ರನಾಮ ಮಾಡುತ್ತಿರುವ ಹಿರಿಯರು ಕಂಡರೆ ಅವರೇ ಕಳ್ಳಿ ರಾಯರು. ಊರೆಲ್ಲ ಕನ್ನಂಬಾಡಿ ಕಟ್ಟೆ ತುಂಬಲಿ ಎಂದು ಪೇಪರಿನಲ್ಲಿ ನೀರಿನ ಮಟ್ಟ ನೋಡುತ್ತಿರುವಾಗ ಆಷಾಢದ ಮೋಡಕ್ಕೆ ಹೆದರುವ ಕುಲ ಇವರದೊಂದೇ.

ಜಯನಗರದಲ್ಲಿ ಇವರಿದ್ದಾರೆ, ಮೈಸೂರಿನ ಕುವೆಂಪುನಗರದಲ್ಲಿದ್ದಾರೆ, ಧಾರವಾಡದಲ್ಲಿ ಇದ್ದರೆ ದೇಸಾಯರು ಎಂಬ ಹೆಸರಿನಲ್ಲಿರುತ್ತಾರೆ. ನಾನು ಬಲ್ಲ ರಾಯರು ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಗುರುತು ಹಿಡಿಯುವುದು ಸುಲಭ. ಎರಡು ಅಂಗೈಗಳನ್ನು ಪೂರ್ತಿ ಕೂಡಿಸದೆ, ಬೆರಳ ತುದಿಗಳ ನಡುವೆ ಕಾಲಂಗುಲ ಜಾಗ ಬಿಟ್ಟು ನಮಸ್ಕಾರ ಮಾಡುತ್ತಾರೆ. ಅಹಂಕಾರವಲ್ಲ, ಪಾಪಾಸುಕಳ್ಳಿಯ ಸುಂಕುಮುಳ್ಳು. ದೊಡ್ಡ ಮುಳ್ಳಾದರೆ ಕಣ್ಣಿಗೆ ಕಂಡೇ ಚುಚ್ಚುತ್ತದೆ, ಮರ್ಯಾದಸ್ಥ. ಇದು ಕೂದಲಿಗಿಂತ ಸಣ್ಣದು, ಚುಚ್ಚಿದ್ದು ಗೊತ್ತಾಗುವುದು ಊಟಕ್ಕೆ ಕೂತು ಸಾರನ್ನ ಕಲೆಸುವಾಗ. ಅದಕ್ಕೆ ರಾಯರ ಬಳಿ ಮದ್ದಿದೆ. ಬೆರಳಿಗೆ ಫೆವಿಕಾಲ್ ಸವರಿಕೊಂಡು, ಒಣಗುವವರೆಗೆ ಗಾಳಿಯಲ್ಲಿ ಕೈ ಹಿಡಿದು ಕೂತು, ಆಮೇಲೆ ಹಾವಿನ ಪೊರೆಯಂತೆ ಸುಲಿದು, ಆ ಪೊರೆಯನ್ನು ಬೆಳಕಿಗೆ ಹಿಡಿದು ಎಷ್ಟು ಮುಳ್ಳು ಬಂದವು ಎಂದು ಎಣಿಸುತ್ತಾರೆ. ಎಣಿಸಿ ನಮಗೂ ತೋರಿಸುತ್ತಾರೆ.

ತಾರಸಿಯ ಬಾಗಿಲಲ್ಲೇ ಬೋರ್ಡಿದೆ: ‘ದಯವಿಟ್ಟು ನೀರು ಹಾಕಬೇಡಿ’. ಅದು ಬಂದವರಿಗೆ ಬರೆದದ್ದಲ್ಲ, ಮನೆಯಾಕೆಗೆ. ಆಕೆ ಹುಟ್ಟಿದ್ದು ಮಲೆನಾಡಿನಲ್ಲಿ, ಬಾಡಿದ ಗಿಡ ಕಂಡರೆ ಚೊಂಬು ತಾನಾಗಿ ಕೈಗೆ ಬರುತ್ತದೆ. ಒಮ್ಮೆ ರಾಯರು ಊರಲ್ಲಿಲ್ಲದಾಗ ‘ಪಾಪ, ಒಣಗಿ ಹೋಗಿದೆ’ ಎಂದು ಕಲ್ಲುಗಿಡಗಳಿಗೆಲ್ಲ ಚೊಂಬು ಚೊಂಬು ನೀರು ಹೊಯ್ದಿದ್ದರು. ದಕ್ಷಿಣ ಆಫ್ರಿಕಾದ ಗಿಡ ಅದು. ಎರಡು ದಪ್ಪ ಎಲೆ ಒಂದಕ್ಕೊಂದು ಅಂಟಿ ನೆಲದ ಬೆಣಚುಕಲ್ಲಿನಂತೆಯೇ ಕಾಣುತ್ತದೆ. ಅದನ್ನು ಮೊದಲು ಕಂಡ ಬರ್ಚೆಲ್ ಎಂಬ ಇಂಗ್ಲಿಷ್ ಪ್ರವಾಸಿ 1811ರಲ್ಲಿ ಕಲ್ಲೆಂದುಕೊಂಡೇ ಕೈಗೆತ್ತಿಕೊಂಡಿದ್ದನಂತೆ. ಹಳೆ ಎಲೆ ಒಣಗುವುದು ರೋಗವಲ್ಲ, ಹೊಸ ಎಲೆ ಅದರ ಸಾರ ಹೀರಿಕೊಂಡು ಮೇಲೇಳುವ ಹೊತ್ತು ಅದು. ಆಗ ನೀರು ಕೊಟ್ಟರೆ ಮುಗಿಯಿತು. ರಾಯರು ಬಂದು ನೋಡಿದಾಗ ಕುಂಡಗಳಲ್ಲಿ ಉಳಿದದ್ದು ಲೋಳೆ. ‘ನೀರು ಹಾಕಿ ಕೊಂದಿದ್ದೀಯಲ್ಲೇ!’ ಎಂದು ಗಂಡ ಕೂಗಿದ್ದು, ‘ನೀರು ಹಾಕಿದರೆ ಸಾಯೋದು ಗಿಡ ಹೇಗಾಗತ್ತೆ?’ ಎಂದು ಹೆಂಡತಿ ಕೇಳಿದ್ದು ಕೆಳಗಿನ ಮನೆಗೆಲ್ಲ ಕೇಳಿಸಿತು. ಆ ಪ್ರಶ್ನೆಗೆ ಇವತ್ತಿಗೂ ಸಮಾಧಾನಕರ ಉತ್ತರ ಸಿಕ್ಕಿಲ್ಲ. ನೂರಾರು ಕುಂಡಗಳಿರುವ ಮನೆಯಲ್ಲಿ ದೇವರಿಗೆ ಹೂವನ್ನು ಮೊಳದ ಲೆಕ್ಕದಲ್ಲಿ ಕೊಳ್ಳಬೇಕಲ್ಲ ಎಂಬ ಆಕೆಯ ಇನ್ನೊಂದು ಪ್ರಶ್ನೆಗೂ ಅಷ್ಟೇ.

ರಾಯರು ಈ ಗಿಡಗಳಿಗೆ ಮರುಳಾದದ್ದು ಬ್ಯಾಂಕಿನವರಾದ್ದರಿಂದಲೇ ಎಂದು ನನ್ನ ಗುಮಾನಿ. ‘ಬೇರೆ ಗಿಡಗಳೆಲ್ಲ ಕರೆಂಟ್ ಅಕೌಂಟು ಕಣ್ರೀ, ಬೆಳಿಗ್ಗೆ ಹಾಕಿದ್ದು ಸಂಜೆಗೆ ಖಾಲಿ. ಇದು ಫಿಕ್ಸೆಡ್ ಡಿಪಾಜಿಟ್’ ಎನ್ನುತ್ತಾರೆ. ಮಿಕ್ಕ ಗಿಡಗಳು ಹಗಲಲ್ಲಿ ಎಲೆಯ ರಂಧ್ರ ತೆರೆದು ಗಾಳಿ ಎಳೆದುಕೊಳ್ಳುವಾಗ ಒಳಗಿನ ನೀರೂ ಆವಿಯಾಗಿ ಹೋಗುತ್ತದೆ. ಕಳ್ಳಿಗಳು ಹಗಲೆಲ್ಲ ರಂಧ್ರ ಮುಚ್ಚಿಕೊಂಡಿದ್ದು, ರಾತ್ರಿ ತಂಪಾದ ಮೇಲೆ ತೆರೆದು, ಬೇಕಾದ ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಬೆಳಗಾದ ಮೇಲೆ ಬಾಗಿಲು ಹಾಕಿಕೊಂಡು ಆ ಜಮೆಯಿಂದ ಅಡುಗೆ ಮಾಡಿಕೊಳ್ಳುತ್ತವೆ. ಇದನ್ನು ಹೇಳುವಾಗ ರಾಯರ ಕಣ್ಣಲ್ಲಿ ನೀರಾಡುತ್ತದೆ. ಇದೇ ರಾಯರು, ಮನೆಗೆಲಸದವಳು ಹತ್ತು ನಿಮಿಷ ತಡವಾಗಿ ಬಂದರೆ ಗಡಿಯಾರ ತೋರಿಸುತ್ತಾರೆ. ದರ್ಶಿನಿಯಲ್ಲಿ ದೋಸೆ ತಡವಾದರೆ ಟೋಕನ್ ಹಿಂದಿರುಗಿಸುತ್ತಾರೆ. ಏನೂ ಮಾಡದೆ ಹತ್ತು ವರ್ಷ ಕೂತಿರುವ ಗಿಡವನ್ನು ಮಾತ್ರ ‘ಎಷ್ಟು ಚೆನ್ನಾಗಿ ಕೂತಿದೆ ನೋಡಿ’ ಎಂದು ಹೊಗಳುತ್ತಾರೆ. ಅವರ ಮಗ ಹಾಗೆ ಒಂದು ಭಾನುವಾರ ಕೂತಿದ್ದಾಗ ಆಡಿದ ಮಾತು ಬೇರೆ ಇತ್ತು.

ಇಂಥವರನ್ನು ಬ್ರಹ್ಮಕಮಲ ಅರಳುವ ರಾತ್ರಿ ಯಾರೂ ಕರೆಯಬಾರದು. ಆದರೆ ಎದುರು ಮನೆಯವರು ಕರೆದೇ ಕರೆಯುತ್ತಾರೆ. ರಾತ್ರಿ ಹತ್ತರ ಹೊತ್ತಿಗೆ ಕುಂಡವನ್ನು ಹಜಾರಕ್ಕೆ ತಂದು, ಮುಂದೆ ರಂಗೋಲಿ ಬಿಟ್ಟು, ಅರಿಶಿನ ಕುಂಕುಮ ಏರಿಸಿ, ಆರತಿ ತಟ್ಟೆ ಹೊಂದಿಸಿಟ್ಟಿರುತ್ತಾರೆ. ಅಕ್ಕಪಕ್ಕದ ಹೆಂಗಸರು ಮೊಬೈಲ್ ಹಿಡಿದು ನಿಂತಿರುತ್ತಾರೆ. ದಳ ಒಂದೊಂದಾಗಿ ಬಿಚ್ಚುತ್ತದೆ, ಘಮ್ಮೆಂದು ಪರಿಮಳ. ಯಾರೋ ‘ಬ್ರಹ್ಮ ಒಳಗೆ ಕೂತಿರೋದು ಕಾಣತ್ತೆ ನೋಡಿ’ ಎಂದು ಕೈ ಮುಗಿಯುತ್ತಾರೆ. ಆಗ ಹಿಂದಿನಿಂದ ಒಂದು ಕೆಮ್ಮು.

‘ಇದು ಕಳ್ಳಿ.’

ಆರತಿ ಅರ್ಧದಲ್ಲಿ ನಿಲ್ಲುತ್ತದೆ. ರಾಯರು ಮುಂದೆ ಬಂದು, ಇದು ಮೆಕ್ಸಿಕೋ ಗ್ವಾಟೆಮಾಲಾ ಕಡೆಯ ಕಾಡುಗಳಲ್ಲಿ ಮರದ ಮೇಲೆ ಬೆಳೆಯುವ ಕಳ್ಳಿ, ನೀವು ಎಲೆ ಅಂದುಕೊಂಡಿರುವುದು ಎಲೆಯಲ್ಲ, ಚಪ್ಪಟೆಯಾದ ಕಾಂಡ, ನಿಜವಾದ ಬ್ರಹ್ಮಕಮಲ ಹಿಮಾಲಯದಲ್ಲಿದೆ, ಅದು ಸೂರ್ಯಕಾಂತಿಯ ಬಳಗದ್ದು, ಇದಕ್ಕೂ ಅದಕ್ಕೂ ಕೊಡು-ಕೊಳ್ಳುವ ಸಂಬಂಧವೇ ಇಲ್ಲ ಎಂದು ವಿವರಿಸುತ್ತಾರೆ. ಹೇಳುವುದೆಲ್ಲ ಸತ್ಯ. ಹೇಳುವ ಹೊತ್ತು ಮಾತ್ರ ಸರಿಯಿಲ್ಲ. ಎದುರುಮನೆ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, ‘ಮೆಕ್ಸಿಕೋನೂ ಬ್ರಹ್ಮನೇ ಸೃಷ್ಟಿ ಮಾಡಿದ್ದು ಕಣಪ್ಪ, ಪ್ರಸಾದ ತಗೋ’ ಎಂದು ಕೈಗೆ ಕೋಸಂಬರಿ ಹಾಕಿದರು. ಶಾಸ್ತ್ರೀಯ ವಾದದಲ್ಲಿ ರಾಯರು ಸೋತದ್ದನ್ನು ನಾನು ನೋಡಿದ್ದು ಅಲ್ಲೊಂದೇ.

ಅಂಗಡಿ ಬೀದಿಯಲ್ಲೂ ಅವರದು ಇದೇ ಕಥೆ. ದೃಷ್ಟಿ ತಾಗದಿರಲೆಂದು ಬಾಗಿಲ ಮೇಲೆ ಲೋಳೆಸರವನ್ನು ಬೇರು ಮೇಲಾಗಿ ತೂಗುಹಾಕಿರುತ್ತಾರಲ್ಲ, ಮಣ್ಣಿಲ್ಲ, ನೀರಿಲ್ಲ, ಆದರೂ ತಿಂಗಳುಗಟ್ಟಲೆ ಹಸಿರಾಗಿದ್ದು ತುದಿಯನ್ನು ಬೆಳಕಿನ ಕಡೆ ಬಾಗಿಸುತ್ತದೆ. ರಾಯರು ಹೋಗಿದ್ದು ಸೀಗೆಪುಡಿಗೆ. ಅಂಗಡಿಯವನಿಗೆ ಗಿಡದ ಹೆಚ್ಚುಗಾರಿಕೆ ವಿವರಿಸಿ, ‘ಇದಕ್ಕೆ ನಿಮ್ಮ ಅಂಗಡಿಯ ದೃಷ್ಟಿಯೆಲ್ಲ ತಾಗಿದ್ರೂ ಏನೂ ಆಗಲ್ಲ’ ಎಂದರು. ಆತ, ‘ಅದಕ್ಕೇ ಸಾರ್ ಕಟ್ಟಿರೋದು’ ಎಂದ. ರಾಯರು ಸೀಗೆಪುಡಿ ಮರೆತು ಬಂದರು.

ಇನ್ನು ಪಟ್ಟದ ಗಿಡ. ತಾರಸಿಯ ಮೂಲೆಯಲ್ಲಿ, ಮೊಣಕಾಲೆತ್ತರದ ಪಿವಿಸಿ ಪೈಪೊಂದನ್ನು ನೆಟ್ಟಗೆ ನಿಲ್ಲಿಸಿ ಮರಳು ಇಟ್ಟಿಗೆಚೂರು ತುಂಬಿದ್ದಾರೆ, ಅದರ ತಾಯಿಬೇರು ಆಳಕ್ಕಿಳಿಯುವಂಥದ್ದು ಎಂದು. ಪೈಪಿನ ಬಾಯಲ್ಲಿ ಎರಡೇ ಎರಡು ಎಲೆ. ಜೋಳದ ಸಸಿಯನ್ನು ಹಸು ಅರ್ಧ ತಿಂದು ಬಿಟ್ಟ ಹಾಗಿದೆ. ಹೆಸರು ವೆಲ್ವಿಚಿಯಾ. ನಮೀಬಿಯಾ ಮತ್ತು ಅಂಗೋಲಾದ ಮರುಭೂಮಿ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ತಾನಾಗಿ ಹುಟ್ಟುವುದಿಲ್ಲ. ಬೀಜದೆಲೆಗಳ ಬೆನ್ನಿಗೆ ಬಂದ ಈ ಎರಡೆಲೆಯಲ್ಲೇ ಸಂಸಾರ, ಮೂರನೆಯದಿಲ್ಲ. ಅವೇ ಬುಡದಿಂದ ಬೆಳೆಯುತ್ತಾ, ತುದಿಯಲ್ಲಿ ಒಣಗುತ್ತಾ, ಗಾಳಿಗೆ ಸೀಳಿ ಚಿಂದಿಯಾಗುತ್ತಾ ಸಾವಿರ ವರ್ಷಕ್ಕೂ ಮೇಲೆ ಬದುಕುತ್ತವೆ. ನಮೀಬಿಯಾ ದೇಶದ ಲಾಂಛನದಲ್ಲೂ ಇದೆ. ಫ್ರೆಡ್ರಿಕ್ ವೆಲ್ವಿಚ್ ಎಂಬ ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞ 1859ರಲ್ಲಿ ಅಂಗೋಲಾದ ಸುಡುಮರಳಿನಲ್ಲಿ ಇದನ್ನು ಕಂಡವನೇ ಮಂಡಿಯೂರಿ, ಮುಟ್ಟಿದರೆ ಎಲ್ಲಿ ಮಾಯವಾಗುತ್ತದೋ ಎಂದು ಅಂಜುತ್ತಾ ನೋಡುತ್ತಾ ಉಳಿದನಂತೆ. ಲಂಡನ್ನಿನ ಬಳಿಯ ಕ್ಯೂ ಉದ್ಯಾನದ ಜೋಸೆಫ್ ಹೂಕರ್ ಇದನ್ನು ಮಹಾ ಅದ್ಭುತವೆಂದೂ ಮಹಾ ಕುರೂಪಿಯೆಂದೂ ಒಂದೇ ಉಸಿರಿನಲ್ಲಿ ಹೇಳಿದ. ರಾಯರು ಹೂಕರನ ಅರ್ಧ ಮಾತನ್ನು ಮಾತ್ರ ನಂಬುತ್ತಾರೆ. ಮಂಡಿನೋವಿರುವುದರಿಂದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ನಂಬುತ್ತಾರೆ.

ನಾನು ‘ತುದಿ ಒಣಗಿದೆಯಲ್ಲ ರಾಯರೇ’ ಎಂದೆ.

‘ಒಣಗಲೇಬೇಕು.’

‘ಹೂ ಯಾವಾಗ ಬಿಡತ್ತೆ?’

‘ಹೂವಲ್ಲ, ಶಂಕು. ಇನ್ನೊಂದಿಪ್ಪತ್ತು ವರ್ಷ ಆಗಬಹುದು. ಆದರೆ ಒಂದು ತೊಂದರೆ ಇದೆ.’ ದನಿ ತಗ್ಗಿತು. ‘ಇದರಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಶಂಕು ಬರೋವರೆಗೆ ಯಾವುದು ಅಂತ ಗೊತ್ತಾಗಲ್ಲ.’

ಆದ್ದರಿಂದ ರಾಯರು ಈಗಲೇ ಸಂಬಂಧ ನೋಡುತ್ತಿದ್ದಾರೆ. ಹೈದರಾಬಾದಿನ ಗೆಳೆಯರೊಬ್ಬರ ಮನೆಯಲ್ಲಿ ಒಂದಿದೆ, ಪುಣೆಯಲ್ಲಿ ಒಂದಿದೆ. ಗೋತ್ರ ಕೇಳುವಂತಿಲ್ಲ, ಲಿಂಗವೂ ಗೊತ್ತಿಲ್ಲ, ಎಪ್ಪತ್ತು ದಾಟಿದ ಮೂವರು ಗೃಹಸ್ಥರು ಇಪ್ಪತ್ತು ವರ್ಷ ಆದಮೇಲಿನ ಲಗ್ನಕ್ಕೆ ಫೋನಿನಲ್ಲಿ ಮಾತುಕತೆ ಮುಗಿಸಿದ್ದಾರೆ. ಬೀಗರ ಪೈಕಿಯೂ ಒಂದಿದೆ: ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ ಮರಕ್ಕೆ ಸುತ್ತಿಕೊಳ್ಳುವ ನೀಟಮ್ ಎಂಬ ಬಳ್ಳಿ ಇದರ ದೂರದ ದಾಯಾದಿ. ದಾಯಾದಿ ಎಂದಮೇಲೆ ಮುಖಕ್ಕೆ ಮುಖ ಹೋಲಿಕೆ ಇಲ್ಲದಿರುವುದರಲ್ಲಿ ಆಶ್ಚರ್ಯವಿಲ್ಲ.

ಮನುಷ್ಯರ ಲಗ್ನಗಳ ಬಗ್ಗೆ ಅವರಿಗೆ ಇಷ್ಟು ಕಾಳಜಿ ಇಲ್ಲ. ಹುಬ್ಬಳ್ಳಿಯಲ್ಲಿ ಹೆಂಡತಿಯ ಅಣ್ಣನ ಮಗಳ ಮದುವೆ. ‘ಹೀಗೆ ಹೋಗಿ ಹಾಗೆ ಬಂದೆ’ ಎಂದು ಬೆಳಿಗ್ಗೆ ಹೊರಟವರು ಮುಹೂರ್ತದ ಹೊತ್ತಿಗೆ ಸವಣೂರಿನ ದೊಡ್ಡಹುಣಸೆ ಮಠದ ಆವರಣದಲ್ಲಿದ್ದರು. ಅಲ್ಲಿ ಆಫ್ರಿಕಾ ಮೂಲದ ಬಾವೊಬಾಬ್ ಮರಗಳು ಮೂರಿವೆ, ಬೊಡ್ಡೆ ತಬ್ಬಲು ಒಂದು ಸಣ್ಣ ದಿಬ್ಬಣವೇ ಬೇಕು. ಸಂಜೆ ಊಟದ ಪಂಕ್ತಿಗೆ ಸರಿಯಾಗಿ ಬಂದವರನ್ನು ಮನೆಯಾಕೆ ಕೇಳಿದ್ದು ಒಂದೇ ಮಾತು: ‘ಅಕ್ಷತೆ ಮರಕ್ಕೇ ಹಾಕಿ ಬಂದಿರಾ?’

ಮಗ ಅರಿಜೋನಾದ ಚಾಂಡ್ಲರಿನಲ್ಲಿ ಇಂಜಿನಿಯರು. ಬಾಣಂತನಕ್ಕೆಂದು ಆರು ತಿಂಗಳು ಹೋದಾಗ ಸೊಸೆ ಪ್ರೀತಿಯಿಂದ ಗ್ರ್ಯಾಂಡ್ ಕ್ಯಾನಿಯನ್ ತೋರಿಸಿದಳು. ರಾಯರು ಅಂಚಿನಲ್ಲಿ ನಿಂತು ನೋಡಿ, ‘ದೊಡ್ಡ ಹಳ್ಳ’ ಎಂದು ಕಾರಿಗೆ ಬಂದು ಕೂತರು. ಟೂಸಾನಿನ ಪಕ್ಕದ ಸಗ್ವಾರೊ ರಾಷ್ಟ್ರೀಯ ಉದ್ಯಾನದಲ್ಲಿ ಮಾತ್ರ ಅವರನ್ನು ಹೊರಗೆ ತರಲು ಕತ್ತಲಾಗಬೇಕಾಯಿತು. ಸಗ್ವಾರೊ ಎಂದರೆ ಕಳ್ಳಿಗಳಲ್ಲಿ ಆನೆ. ಮೊದಲ ಎಂಟು ವರ್ಷಕ್ಕೆ ಒಂದೂವರೆ ಅಂಗುಲ ಬೆಳೆದರೆ ಹೆಚ್ಚು. ಮೊದಲ ತೋಳು ಮೂಡುವಷ್ಟರಲ್ಲಿ ಐವತ್ತು, ಎಪ್ಪತ್ತು ವರ್ಷ ಆಗಿರುತ್ತದೆ. ‘ನಾನು ರಿಟೈರಾಗೋ ವಯಸ್ಸಿಗೆ ಇದಕ್ಕೆ ಕೈ ಬರತ್ತೆ ಕಣೋ’ ಎಂದು ಮಗನಿಗೆ ಹೇಳಿದರು. ಕಳ್ಳರ ಕಾಟಕ್ಕೆ ಉದ್ಯಾನದವರು ಕೆಲವು ಗಿಡಗಳೊಳಗೆ ಮೈಕ್ರೋಚಿಪ್ ಇಟ್ಟಿದ್ದಾರೆ ಎಂದು ತಿಳಿದಾಗ ಬ್ಯಾಂಕಿನ ಲಾಕರ್ ನೆನಪಾಗಿ ತೃಪ್ತಿಯಿಂದ ತಲೆಯಾಡಿಸಿದರು. ಅವರ ಮೆಚ್ಚಿನ ಐತಿಹಾಸಿಕ ಘಟನೆಯೂ ಆ ರಾಜ್ಯದ್ದೇ: 1982ರಲ್ಲಿ ಒಬ್ಬ ಪುಂಡ ಸಗ್ವಾರೊ ಒಂದಕ್ಕೆ ಮೋಜಿಗೆ ಗುಂಡು ಹೊಡೆದ, ಅದರ ದೊಡ್ಡ ತೋಳು ಮುರಿದು ಅವನ ಮೇಲೇ ಬಿದ್ದು ಅವನು ಸತ್ತ. ಸಾವಿನ ಸುದ್ದಿ ಹೇಳುವಾಗ ತೋರಿಸಬೇಕಾದ ಮುಖ ರಾಯರಿಗೆ ಇನ್ನೂ ಅಭ್ಯಾಸವಾಗಿಲ್ಲ.

ಹಾಗೆಂದು ದುಃಖವೇ ಅರಿಯದವರಲ್ಲ. ಗೇಟಿನ ಪಕ್ಕದ ಕತ್ತಾಳೆ ಹೋದ ಬೇಸಿಗೆ ಮನೆಯೆತ್ತರ ಹೂದಂಡು ಎತ್ತಿದಾಗ ದಾರಿಹೋಕರೆಲ್ಲ ಸೆಲ್ಫಿ ತೆಗೆದುಕೊಂಡು ‘ಕಂಗ್ರಾಜುಲೇಷನ್ಸ್’ ಎಂದರು. ಕತ್ತಾಳೆ ಜೀವಮಾನಕ್ಕೆ ಒಂದೇ ಸಲ ಹೂಬಿಟ್ಟು ಸಾಯುತ್ತದೆ. ರಾಯರು ಒಬ್ಬೊಬ್ಬರಿಗೂ ಮುಖ ಸಪ್ಪಗೆ ಮಾಡಿಕೊಂಡು ‘ಏನು ಮಾಡೋದು, ಅದರ ಕಾಲ ಬಂತು’ ಎನ್ನುತ್ತಿದ್ದರು. ಗಿಡ ಒರಗಿದ ಮೇಲೆಯೇ ಅವರಿಗೆ ಉಯಿಲಿನ ಯೋಚನೆ ಹತ್ತಿದ್ದು. ಮನೆ ಮಗನಿಗೆ, ಒಡವೆ ಮಗಳಿಗೆ, ಅದರಲ್ಲಿ ತಕರಾರಿಲ್ಲ. ಸಾವಿರ ವರ್ಷ ಬಾಳುವ ಎರಡೆಲೆ ಯಾರಿಗೆ? ಮಗ ಬೇಡವೆಂದ, ವಿಮಾನದಲ್ಲಿ ಒಯ್ಯಲು ಬೇಕಾದ ಅಂತರರಾಷ್ಟ್ರೀಯ ಪರವಾನಗಿಯ ನೆಪ ಹೇಳಿದ. ಮಗಳು ಫ್ಲಾಟಿನಲ್ಲಿ ಬಿಸಿಲಿಲ್ಲ ಎಂದಳು. ಮೊನ್ನೆ ನನ್ನನ್ನು ತಾರಸಿಗೆ ಕರೆದು, ಕಾಫಿ ಕೊಟ್ಟು, ಮೇಲಿಂದ ಕೆಳಗೆ ಒಮ್ಮೆ ನೋಡಿದರು.

‘ನಿಮಗೆಷ್ಟಾಯ್ತು ಸ್ವಾಮಿ?’

‘ಐವತ್ತೆಂಟು.’

‘ಉಪಯೋಗವಿಲ್ಲ’ ಎಂದು ಕಾಫಿ ಲೋಟ ವಾಪಸು ತೆಗೆದುಕೊಂಡರು. ‘ನಿಮ್ಮ ಅಣ್ಣನ ಮೊಮ್ಮಗಳು ಒಬ್ಬಳಿದ್ದಾಳಲ್ಲ?’

‘ಇದ್ದಾಳೆ. ಮೂರನೇ ಕ್ಲಾಸು. ಗಿಡ ಅಂದರೆ ಪ್ರಾಣ ರಾಯರೇ, ದಿನಾ ಎದ್ದ ತಕ್ಷಣ ತಾನೇ ನೀರು ಹಾಕ್ತಾಳೆ.’

‘ದಿನಾನಾ?’

‘ದಿನಾ.’

‘ಬೇಡ ಬಿಡಿ’ ಎಂದರು.